ಸುಡದೆ ಉಳಿದ ಪಾಕೀಟು

"ಹಂದಿ ಹೇಲು ಬಳ್ದಿರೋ ಕೈಯಾಗೆ ದೇವ್ರ ಹೂವು ಮುಟ್ತೀಯೇನೇ, ಬೋಸುಡಿ? ಆ ಕೈ ಕಡ್ದು ಗುಂಡಿಗೆ ಹಾಕ್ಬುಡ್ತೀನಿ."

ಸಾವುಕಾರ ಪ್ರಸನ್ನ ಕುಮಾರ್ ಗದರಿದ್ದೇ ಮಾರಕ್ಕ ಕೈ ಹಿಂದಕ್ಕೆ ತೆಗೆದಳು. ಅವಳು ಹೂವು ಮುಟ್ಟಿರಲಿಲ್ಲ. ಹಂದಿಮನೆಯ ರಾಡಿನೀರು ಗುಲಾಬಿ ಪಾತಿಗೆ ಹರಿಯುವ ಕಾಲುವೆಯಲ್ಲಿ ಕಸ ಕಟ್ಟಿಕೊಂಡಿತ್ತು, ಬಿಡಿಸುತ್ತಿದ್ದಳು. ಪುರವರ ಊರಿನ ಆಚೆ ಗುಡ್ಡದ ಮಗ್ಗುಲಲ್ಲಿದ್ದ ಆ ಫಾರಮ್ಮಿನಲ್ಲಿ ಪ್ರಸನ್ನ ಕುಮಾರನ ಕಟ್ಟಳೆಯೇ ಹಾಗೆ. ಹಂದಿಯ ಗಂಜಲ ಗಿಡದ ಬುಡಕ್ಕೆ ಹೋಗಬಹುದು, ಹಂದಿ ಮೇಯಿಸುವವರ ಕೈ ಹೂವಿಗೆ ಹೋಗುವಂತಿಲ್ಲ. ಹೂವನ್ನು ಅವನ ಹೆಂಡತಿಯೇ ಮಿಂದು ಬಂದು ಕೊಯ್ಯಬೇಕು. ಈಗಲೂ ಆಕೆ ಬುಟ್ಟಿ ಹಿಡಿದು ಕೊಯ್ಯುತ್ತಿದ್ದಳು, ಎಡಗೈಯಲ್ಲಿ. ಬಲಗೈಯ ಬೆರಳಿಗೆ ಅರಿಶಿನದ ಬಟ್ಟೆ ಸುತ್ತಿತ್ತು.

ಮಾರಕ್ಕ ತುಮಕೂರಿನ ಆಸ್ಪತ್ರೆಯಿಂದ ಮೊದಲ ಬಸ್ಸು ಹಿಡಿದು ನೇರವಾಗಿ ಇಲ್ಲಿಗೆ ಬಂದಿದ್ದಳು. ಅವಳ ಗಂಡ ಗಂಗಯ್ಯನೂ ಇಲ್ಲಿಯ ಆಳೇ. ಮರಿ ಹಿಡಿಯಲು ಹೋದವನ ಮೀನಖಂಡಕ್ಕೆ ತಾಯಿಹಂದಿ ಬಾಯಿ ಹಾಕಿತ್ತು. ಆಸ್ಪತ್ರೆ ಅಂದದ್ದಕ್ಕೆ ಪ್ರಸನ್ನ ಕುಮಾರ್ ನಕ್ಕು, ಹಂದಿಗಳ ಬೂಸಕ್ಕೆ ದಿನವೂ ಕಲಸುವ ಹಳದಿ ಪುಡಿಯನ್ನು ಕಾಗದದಲ್ಲಿ ಕಟ್ಟಿ ದೂರದಿಂದಲೇ ಎಸೆದಿದ್ದ. "ಇಷ್ಟು ಹಂದಿ ಬದುಕ್ಸೋ ಪುಡಿ, ನಿನ್ ಒಂದ್ ಕಾಲು ಬದುಕ್ಸಲ್ವೇನ್ಲಾ?"

ಮಾರಕ್ಕ ನಂಬಿದಳು. ಗಾಯಕ್ಕೆ ಉದುರಿಸಿದಳು, ಅಂಬಲಿಗೂ ಕದಡಿ ಕುಡಿಸಿದಳು. ಕೇರಿಯಲ್ಲಿ ಯಾರಿಗೆ ಜ್ವರ ಬಂದರೂ ಆಳುಗಳು ಸೆರಗಿನಲ್ಲಿ ಒಂದು ಚಿಟಿಕೆ ತರುವುದು ವಾಡಿಕೆಯಾಗಿತ್ತು. ಮೊದಮೊದಲು ವಾಸಿಯೂ ಆಗುತ್ತಿತ್ತು. ಈಚೆಗೆ ಯಾರಿಗೂ ನಾಟುತ್ತಿರಲಿಲ್ಲ.

ಗಂಗಯ್ಯನ ಕಾಲು ಕಪ್ಪಗಾಗಿ ವಾಸನೆ ಎದ್ದ ಮೇಲೆ ಆಸ್ಪತ್ರೆಗೆ ಹೊತ್ತಿದ್ದರು. ಯಾವ ಸೂಜಿಯೂ ಕೇಳುತ್ತಿಲ್ಲ, ಮೊದಲೇನು ಕೊಟ್ಟಿದ್ದೀರಿ ಎಂದು ಡಾಕ್ಟರು ಕೇಳಿದಾಗ ಮಾರಕ್ಕ ಹಂದಿಪುಡಿ ಎಂದಳು. ಪಕ್ಕದ ಮಂಚದವರು ಕಿಸಕ್ಕೆಂದರು. ಡಾಕ್ಟರು ನಗಲಿಲ್ಲ.

"ಆ ಔಷಧಿ ತಿಂದೂ ತಿಂದೂ ಹಂದಿ ಮೈಯಲ್ಲಿರೋ ಕ್ರಿಮಿ ಪಳಗಿಬಿಟ್ಟಿವೆ ಕಣಮ್ಮ. ಅವೇ ಈಗ ಇವ್ರ ಕಾಲಲ್ಲಿವೆ. ಪರೀಕ್ಷೆಗೆ ಕಳಿಸಿದ್ದೀವಿ, ಅದು ಬರೋವರೆಗೂ ಈ ಕಾಲು ಕಾಯಲ್ಲ. ಪುಡಿ ಯಾವುದು ಅಂತ ಗೊತ್ತಾದ್ರೆ ಅದನ್ನ ಬಿಟ್ಟು ಬೇರೆ ಹುಡುಕ್ತೀನಿ. ಪಾಕೀಟು ತಗೊಂಡು ಬಾ."

ಪಾಕೀಟು. ಖಾಲಿಯಾದ ಪ್ರತಿ ಪಾಕೀಟನ್ನೂ ತೆಂಗಿನಗರಿ ಹಾಕಿ ಸುಟ್ಟವಳು ಅವಳೇ. ಸುಟ್ಟು, ಬೂದಿ ಕೆದಕಿ ಸಾವುಕಾರನಿಗೆ ತೋರಿಸಬೇಕಿತ್ತು. ಯಾಕೆಂದು ಕೇಳಿದವಳಲ್ಲ.

ಈಗ ಕಾಲುವೆಯ ಬದಿಯಲ್ಲೇ ಕುಕ್ಕರುಗಾಲಲ್ಲಿ ಕೂತು ಬೇಡಿದಳು. ಪ್ರಸನ್ನ ಕುಮಾರ್ ಪಕ್ಕಕ್ಕೆ ಉಗಿದ.

"ಯಾವ ಪುಡಿನೇ? ನನ್ ಫಾರಮ್ಮಲ್ಲಿ ಬರೀ ಬೂಸ. ನಿಮ್ ಕೊಳಕಿಗೆ ಕಾಲು ಕೊಳ್ತರೆ ನನ್ ತಲೆಗೆ ಕಟ್ತೀಯ? ಹೋಗಿ ಮೇವು ಹಾಕು."

ಮಾರಕ್ಕ ಎದ್ದು ಹೋಗಿ ಬೂಸ ಕಲಸಿದಳು. ಎರಡು ಪಾಕೀಟು ಒಡೆದು ಹಳದಿ ಪುಡಿ ಸುರಿದಳು. ಹಂದಿಗಳು ಒಂದರ ಮೇಲೊಂದು ಬಿದ್ದು ತಿಂದವು. ಆಮೇಲೆ ಗುಂಡಿಗೆ ಗರಿ ಎಳೆದು ಬೆಂಕಿ ಇಟ್ಟಳು. ಹೊಗೆ ಎದ್ದಿತು. ಎಂದಿನ ಪ್ಲಾಸ್ಟಿಕ್ಕಿನ ಕಮಟು ಮಾತ್ರ ಬರಲಿಲ್ಲ.

ಸಾವುಕಾರನ ಮೂಗಿಗೆ ಅದು ಗೊತ್ತಾಯಿತು.

"ಮಡ್ಲು ಬಿಚ್ಚೇ."

ಅವಳು ಮಡಿಲನ್ನು ಬಿಗಿಹಿಡಿದು ನಿಂತಳು. ಅವನು ಧಾವಿಸಿ ಬಂದು ಕೈ ಚಾಚಿದ. ಚಾಚಿದ ಕೈ ಗೇಣು ದೂರದಲ್ಲೇ ನಿಂತುಬಿಟ್ಟಿತು. ಪೂಜೆಗೆ ಮಿಂದ ಮೈ, ತಲೆಗೂದಲಿನ ನೀರು ಇನ್ನೂ ಆರಿರಲಿಲ್ಲ.

"ಕಿತ್ಕೊಳ್ಳಿ ಸಾವ್ಕಾರ್ರೆ," ಅಂದಳು ಮಾರಕ್ಕ. ಅವಳ ದನಿ ಅವಳಿಗೇ ಹೊಸದಾಗಿತ್ತು. "ಮುಟ್ಟಿ ಕಿತ್ಕೊಳ್ಳಿ."

"ಲೇ ಓಬಳ, ಹಿಡ್ಯೋ ಇವಳ್ನ."

ಹಂದಿಮನೆ ತೊಳೆಯುತ್ತಿದ್ದ ಓಬಳರಾಜು ತಲೆ ಎತ್ತಲಿಲ್ಲ. ಕಂಕುಳಲ್ಲಿ ಎದ್ದ ಕುರುವಿನಿಂದ ಅವನ ಒಂದು ತೋಳು ಮೈಗೆ ಅಂಟದೆ ಸೆಟೆದು ನಿಂತಿತ್ತು. ಇನ್ನೊಂದು ಕೈಯಲ್ಲಿ ಪೊರಕೆ ಎಳೆಯುತ್ತಲೇ ಇದ್ದ.

ಸಾವುಕಾರ ಕೋಲು ಹುಡುಕುವಷ್ಟರಲ್ಲಿ ಮಾರಕ್ಕ ಹೊರಟಿದ್ದಳು. ಆಳುಗಳು ಓಡಾಡುವ ಹಿಂದಿನ ಬೇಲಿಯ ಕಂಡಿಯಿಂದಲ್ಲ, ಗುಲಾಬಿ ಪಾತಿಯ ನಡುವಿನ ದಾರಿಯಲ್ಲಿ, ಮುಂದಿನ ಗೇಟಿಗೆ. ಅಲ್ಲಿ ಅವನ ಹೆಂಡತಿ ಬುಟ್ಟಿ ಹಿಡಿದು ನಿಂತಿದ್ದಳು. ಬೆರಳಿನ ಬಟ್ಟೆ ಒದ್ದೆಯಾಗಿತ್ತು. ಅಂಗೈ ಊದಿ, ಕೆಂಪು ಗೆರೆಯೊಂದು ಬಳೆ ದಾಟಿ ಮೊಣಕೈಗೆ ಏರಿತ್ತು. ಗುಲಾಬಿ ಮುಳ್ಳು ತಾಗಿದ್ದಷ್ಟೆ, ಯಾಕೋ ಬತ್ತುತ್ತಲೇ ಇಲ್ಲ ಎಂದು ಮಾರಕ್ಕ ಕೇಳದಿದ್ದರೂ ಆಕೆ ಮೆಲ್ಲಗೆ ಹೇಳಿದಳು.

ಮಾರಕ್ಕ ಆ ಗೆರೆಯನ್ನೇ ನೋಡಿದಳು. ಗಂಗಯ್ಯನ ಕಾಲಲ್ಲೂ ಮೊದಲು ಎದ್ದದ್ದು ಅದೇ. ಮಡಿಲಿನಿಂದ ಒಂದು ಪಾಕೀಟು ತೆಗೆದು, ರಾಡಿ ಅಂಟಿದ ಕೈಯಲ್ಲೇ ದೇವರ ಹೂವುಗಳನ್ನು ಸರಿಸಿ, ಬುಟ್ಟಿಯ ತಳಕ್ಕಿಟ್ಟಳು.

"ಇಟ್ಕೊಂಡಿರಿ ಅಮ್ಮಾವ್ರೆ. ಡಾಕ್ಟ್ರು ಕೇಳ್ತಾರೆ."