ತೊಂಬತ್ತು ಹೊನ್ನಿಗೆ ಹೋಗಬೇಕಿದ್ದ ಡಾಬು

ನಾನು ಒಂದು ಡಾಬು. ಚಿನ್ನದ ಡಾಬು ಎಂದರೆ ಸುಳ್ಳಾಗುತ್ತದೆ. ನನ್ನ ಮೈಯಲ್ಲಿ ಗುಲಗಂಜಿಯಷ್ಟೂ ಚಿನ್ನವಿಲ್ಲ. ನಾನಿರುವುದು ಒಂದು ವಿಡಿಯೋ ಗೇಮಿನೊಳಗೆ. ಧಾರವಾಡದ ಒಂದು ಸಣ್ಣ ಕಚೇರಿಯಲ್ಲಿ ನಾಗವೇಣಿ ಎಂಬ ಚಿತ್ರಗಾರ್ತಿ ನಾಲ್ಕು ದಿನ ಕಂಪ್ಯೂಟರಿನ ಮುಂದೆ ಕೂತು ನನ್ನನ್ನು ಬರೆದಳು. ಏಳು ಕೆಂಪು ಹರಳು, ಎರಡು ನವಿಲು, ನಡುವೆ ಒಂದು ಕಮಲ. ಮುಗಿದ ಮೇಲೆ ನನ್ನನ್ನು ಗವಿಯೊಂದರಲ್ಲಿ, ಬ್ರಹ್ಮರಾಕ್ಷಸನ ಪೆಟ್ಟಿಗೆಯಲ್ಲಿಟ್ಟರು. ಆಡುವವರು ಅವನನ್ನು ಸೋಲಿಸಬೇಕು, ನನ್ನನ್ನು ಒಯ್ದು ಯಾವುದಾದರೂ ಊರಿನ ವ್ಯಾಪಾರಿಗೆ ಮಾರಬೇಕು. ನಾನು ಹುಟ್ಟಿದ್ದೇ ಮಾರಾಟಕ್ಕೆ.

ಆಟ ಎಷ್ಟು ಮನೆಗೆ ಹೋಯಿತೋ ಅಷ್ಟು ಡಾಬುಗಳಾದೆವು. ನನ್ನ ಪಾಲಿಗೆ ಬಂದದ್ದು ಗುಳೇದಗುಡ್ಡದ ಪತ್ತಾರರ ಮನೆ. ಮಗಳು ಶ್ರೀದೇವಿ ಶಾಲೆಯಲ್ಲಿ ಟೀಚರು. ರಜೆಯಲ್ಲಿ ಆಡಲೆಂದು ತಂದಿದ್ದ ಆಟ ಎಂಟೇ ದಿನದಲ್ಲಿ ಅವ್ವನ ಕೈ ಸೇರಿತ್ತು. ಅವ್ವ ದಾಕ್ಷಾಯಣಿ, ಅರವತ್ತರ ಹತ್ತಿರದವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳೆಂದರೆ ರಾಕ್ಷಸರೂ ಹೆದರಬೇಕು. ಮೂರು ಸಲ ಸತ್ತು ನಾಲ್ಕನೆಯ ಸಲಕ್ಕೆ ನನ್ನ ಯಜಮಾನನನ್ನು ಕೆಡವಿ, ಪೆಟ್ಟಿಗೆ ತೆರೆದಳು.

“ಅಯ್ಯ, ಎಷ್ಟ ಚಂದ ಐತಿ!” ಎಂದಳು. ನನ್ನ ಬದುಕಿನಲ್ಲಿ ಕೇಳಿದ ಮೊದಲ ಮಾತು ಅದು.

ಆದರೆ ನನ್ನನ್ನು ನೋಡುತ್ತ ಕೂರಲು ಅವಳಿಗೆ ಪುರಸೊತ್ತಿರಲಿಲ್ಲ. ಆಟದಲ್ಲಿ ಅವಳದೊಂದು ಹೇಸರಗತ್ತೆ ಇತ್ತು. ಅದಕ್ಕೆ ಪುಂಡಲೀಕ ಎಂದು ತಾನೇ ಹೆಸರಿಟ್ಟಿದ್ದಳು. ಸುಂಕ ಕೊಡದೆ ಸೇತುವೆ ದಾಟಿದಳೆಂದು ಕಾವಲುಗಾರರು ಅದನ್ನು ಕಟ್ಟಿಹಾಕಿದ್ದರು. ಹೊತ್ತು ಮುಳುಗುವುದರೊಳಗೆ ಆರುನೂರು ಹೊನ್ನು ಕಟ್ಟಬೇಕು, ಇಲ್ಲವಾದರೆ ಪುಂಡಲೀಕನ ಹರಾಜು. ಅವಳ ಚೀಲದಲ್ಲಿದ್ದದ್ದು ಐನೂರಾ ಹತ್ತು.

ಸೇತುವೆಯ ಪಕ್ಕದ ಕಮ್ಮಾರನ ಮುಂದೆ ನನ್ನನ್ನಿಟ್ಟಳು. ಕಮ್ಮಾರ ನನ್ನನ್ನು ತಕ್ಕಡಿಗೆ ಹಾಕಿ, “ತೊಂಬತ್ತು ಹೊನ್ನು” ಎಂದ.

“ತೊಂಬತ್ತ? ತೂತುಬಿದ್ದ ಚರಗಿಗೂ ಅದಕ್ಕಿಂತ ಹೆಚ್ಚ ಕೊಡ್ತಾರಪಾ!”

“ಇದು ನನ್ನ ಕೊನೆಯ ಬೆಲೆ” ಎಂದ ಕಮ್ಮಾರ. ಅವನಿಗೆ ಬರುತ್ತಿದ್ದದ್ದೇ ಅಷ್ಟು ಮಾತು.

ತೊಂಬತ್ತು ಸೇರಿದರೆ ಸರಿಯಾಗಿ ಆರುನೂರು. ಅವಳ ಹೆಬ್ಬೆರಳು ‘ಮಾರು’ ಎಂಬ ಗುಂಡಿಯ ಮೇಲೆ ಹೋಯಿತು.

“ಏ, ತಡೀ!”

ಗದರಿದವರು ಅವಳ ಗಂಡ ಮೌನೇಶಪ್ಪ. ಆವರೆಗೆ ನಾನು ಕಂಡಿದ್ದದ್ದು ಆ ಮನುಷ್ಯನ ಬೆನ್ನು ಮಾತ್ರ. ಊರಿಗೆ ಹೆಸರಾದ ಅಕ್ಕಸಾಲಿಗ. ಎರಡು ವರ್ಷದ ಹಿಂದೆ ಕೈ ನಡುಕ ಶುರುವಾಗಿ ಅಂಗಡಿ ಮುಚ್ಚಿದ್ದರು. ಅಂದಿನಿಂದ ಕುರ್ಚಿಯನ್ನು ಕಿಟಕಿಯತ್ತ ತಿರುಗಿಸಿಕೊಂಡು ಕೂರುವುದು, ಊಟಕ್ಕೆ ಕರೆದರೆ ಹ್ಞೂಂ ಎನ್ನುವುದು, ಅಷ್ಟೇ. ಈಗ ಕುರ್ಚಿ ಟೀವಿಯತ್ತ ತಿರುಗಿತ್ತು.

“ಕಮ್ಮಾರಗ ಯಾರರೆ ಡಾಬ ಮಾರ್ತಾರೇನ? ಅಂವಗ ಲೋಹದ ತೂಕ ಗೊತ್ತು, ಹರಳಿನ ಬೆಲೆ ಗೊತ್ತಿಲ್ಲ. ಅದನ್ನಷ್ಟ ತಿರುವಿ ತೋರಸು.”

ದಾಕ್ಷಾಯಣಿ ನನ್ನನ್ನು ತಿರುಗಿಸಿದಳು. ಅವರು ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದರು.

“ಹರಳ ಕೂಡ್ಸಿದ್ದು ನೋಡು. ನವಿಲಿನ ಗರಿ ಒಂದರ ಹಂಗ ಒಂದಿಲ್ಲ. ಮಾಡಿದವರ ಕೈಯಾಗ ಕಸುಬು ಐತಿ.”

ನಾಗವೇಣಿ ಕೇಳಿಸಿಕೊಳ್ಳಬೇಕಿತ್ತು ಎನಿಸಿತು.

“ಅಕ್ಕಸಾಲಿ ಘಟ್ಟದ ಆಚಿ ಊರಾಗ ಅದಾನ್ರಿ,” ದಾಕ್ಷಾಯಣಿ ಚಡಪಡಿಸಿದಳು. “ಹೋಗಿ ಬರೂದ್ರಾಗ ಹೊತ್ತ ಮುಳುಗಿದ್ರ ಪುಂಡಲೀಕ ಕೈಬಿಟ್ಟ ಹೋಗ್ತಾನ.”

“ಹಂಗಾರ ಓಡು!”

ಓಡಲು ಆಗುತ್ತಿರಲಿಲ್ಲ. ಆಟದಲ್ಲಿ ಹೊರೆ ಮಿತಿ ಮೀರಿದರೆ ಕಾಲೆಳೆದುಕೊಂಡೇ ನಡೆಯಬೇಕು. ಕಮ್ಮಾರ ಮುಟ್ಟಿಯೂ ನೋಡದ ಹಳೆಯ ಸಾಮಾನನ್ನೆಲ್ಲ ಅವಳು ಗವಿಯಿಂದ ಹೊತ್ತು ತಂದಿದ್ದಳು. ಎರಡು ಗುರಾಣಿ, ಮೂರು ಕತ್ತಿ, ಹಿತ್ತಾಳೆಯ ಹಂಡೆ. ಒಲ್ಲದ ಮನಸ್ಸಿನಿಂದ ಒಂದೊಂದನ್ನೇ ದಾರಿಗೆ ಎಸೆದಳು. “ಹಂಡೇರೆ ಇರ್ಲೇನ್ರಿ?” “ಒಗಿ!” ಹಂಡೆ ದಡಬಡ ಉರುಳಿಹೋಯಿತು; ಹಿಂದೆ ಬರುತ್ತಿದ್ದ ಎರಡು ತೋಳಗಳು ಆ ಸದ್ದಿಗೆ ಬೆದರಿ ಪೊದೆ ಸೇರಿದವು. ಗಂಡ ಹೆಂಡತಿ ಇಬ್ಬರೂ ಚಪ್ಪಾಳೆ ತಟ್ಟಿ ನಕ್ಕರು. ಒಳಗಿಂದ ಶ್ರೀದೇವಿ ಓಡಿಬಂದು, ಅಪ್ಪ ನಗುತ್ತಿರುವುದನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಳು.

ಘಟ್ಟದಾಚೆಯ ಅಕ್ಕಸಾಲಿಗ ನನ್ನ ಹರಳುಗಳನ್ನು ದೀಪಕ್ಕೆ ಹಿಡಿದು, “ಎಂಟುನೂರಾ ನಲವತ್ತು” ಎಂದ. ದಾಕ್ಷಾಯಣಿ ಚೌಕಾಸಿ ಮಾಡದೆ ಹಣ ಎಣಿಸಿಕೊಂಡು ಓಡಿದಳು. ಸೂರ್ಯ ಅರ್ಧ ಮುಳುಗಿದಾಗ ಪುಂಡಲೀಕನ ಹಗ್ಗ ಬಿಚ್ಚಿದರೆಂಬುದು ನನಗೆ ತಿಳಿದದ್ದು ಅವಳ ಕೂಗಿನಿಂದ.

“ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಂಗಿಲ್ಲ ಅಂತಾರ. ನಮ್ಮನಿ ಅಕ್ಕಸಾಲಿ ನನ್ನ ಪುಂಡಲೀಕನ್ನ ಉಳಿಸಿದ್ರು!”

ನಾನು ಘಟ್ಟದಾಚೆಯ ಆ ಅಂಗಡಿಯ ಗಾಜಿನ ಬೀರುವಿನಲ್ಲಿ ಉಳಿದೆ. ನನ್ನ ಕತೆ ಇಲ್ಲಿಗೆ ಮುಗಿಯಿತೆಂದುಕೊಂಡೆ. ವ್ಯಾಪಾರಿಯ ಕೈಸೇರಿದ ಆಭರಣವನ್ನು ಯಾವ ಆಟಗಾರರೂ ಮರಳಿ ಕೊಳ್ಳುವುದಿಲ್ಲ. ಮಾರುವ ಬೆಲೆ ಒಂದಾದರೆ ಕೊಳ್ಳುವ ಬೆಲೆ ಮೂರು.

ಕೆಲವು ದಿನಗಳ ಮೇಲೆ, ದಾಕ್ಷಾಯಣಿ ಆಟದಲ್ಲಿ ನಡೆಸುವ ವೀರನಾರಿ ಬೀದಿಯಲ್ಲಿ ವಿಚಿತ್ರವಾಗಿ ನಡೆಯುತ್ತಿರುವುದು ಕಂಡಿತು. ಗೋಡೆಗೆ ಡಿಕ್ಕಿ ಹೊಡೆದಳು, ಬಾವಿಗೆ ಬಿದ್ದಳು, ಎದ್ದು ಮತ್ತೆ ಬಂದಳು. ಆಡಿಸುತ್ತಿದ್ದವರು ಮೌನೇಶಪ್ಪ. ಹೆಂಡತಿ ಮಹಿಳಾ ಸಂಘಕ್ಕೆ ಹೋದ ಮಧ್ಯಾಹ್ನಗಳಲ್ಲಿ ಅವರೊಬ್ಬರೇ ಕೂರುತ್ತಿದ್ದರು. ನಡುಗುವ ಕೈಯಲ್ಲಿ ಕತ್ತಿ ಬೀಸಿದರೆ ಬೇಲಿಗೆ ಬಡಿಯುತ್ತಿತ್ತು. ಹಾಗಾಗಿ ಕಾಳಗದ ತಂಟೆಗೇ ಹೋಗಲಿಲ್ಲ. ಬೇರು, ಜೇನು, ಮೀನು, ನದಿಯ ಬಣ್ಣದ ಕಲ್ಲು ಆಯ್ದರು. ಬೇರನ್ನು ವೈದ್ಯನಿಗೆ, ಮೀನನ್ನು ಛತ್ರದವಳಿಗೆ, ಹೀಗೆ ಯಾವುದನ್ನು ಯಾರಿಗೆ ಮಾರಬೇಕೋ ಅವರಿಗೇ ಮಾರಿದರು. ದಿನವೂ ಬೀರುವಿನ ಮುಂದೆ ಬಂದು ನನ್ನನ್ನೊಮ್ಮೆ ನೋಡಿ ಹೋಗುತ್ತಿದ್ದರು. ಐದು ವಾರ ಕಳೆಯಿತು. ಆರನೆಯ ವಾರದ ಸೋಮವಾರ ಬೀರು ತೆರೆಯಿತು.

ಅಂದು ಸಂಜೆ ಟೀವಿ ಹಚ್ಚಿದ ದಾಕ್ಷಾಯಣಿ ಹುಬ್ಬೇರಿಸಿದಳು. “ಇದ ಯಾರ ಹಾಕಿದ್ರು ನನ್ನ ನಡಕ್ಕ?”

“ಅಂಗಡ್ಯಾಗ ಸುಮ್ನ ಬಿದ್ದಿತ್ತು.”

“ಎಷ್ಟ ಕೊಟ್ರಿ?”

“ಎರಡೂವರಿ ಸಾವಿರ.”

“ಎಂಟನೂರಾ ನಲವತ್ತಕ್ಕ ಮಾರಿದ್ದಕ್ಕ? ನಲವತ್ತ ವರ್ಷ ಅಂಗಡಿ ನಡಸಿದವ್ರ ವ್ಯಾಪಾರೇನ್ರಿ ಇದು?”

ಮೌನೇಶಪ್ಪ ತಮ್ಮ ಅಂಗೈ ನೋಡಿಕೊಂಡರು. “ನಲವತ್ತ ವರ್ಷ ಊರ ಮಂದಿಗೆಲ್ಲಾ ಡಾಬ ಮಾಡೀನಿ. ನಿನಗೊಂದ ಮಾಡ್ಲಿಲ್ಲ.”

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, “ಚಂದ ಕಾಣ್ತೈತೇನ್ರಿ?” ಎಂದಳು.

“ಕಮಲ ಒಂಚೂರ ಎಡಕ್ಕ ಸರದೈತಿ” ಎನ್ನುತ್ತ ಅವರು ಎದ್ದು ಬಂದು, ಅದನ್ನು ಸರಿಪಡಿಸಲು ಟೀವಿಯ ಗಾಜಿನ ಮೇಲೆ ಬೆರಳಿಟ್ಟರು.

ಈಗ ನಮ್ಮ ಆಟ ಹಳೆಯದಾಗಿದೆ. ಹೊಸ ಆಟಗಳು ಬಂದಿವೆಯಂತೆ. ದಾಕ್ಷಾಯಣಿಯೂ ರಾಕ್ಷಸರ ಸಹವಾಸ ಬಿಟ್ಟಿದ್ದಾಳೆ. ಸಂಜೆ ಒಂದಷ್ಟು ಹೊತ್ತು ಪುಂಡಲೀಕನನ್ನು ಕೆರೆಯ ದಂಡೆಗೆ ಮೇಯಲು ಬಿಟ್ಟು ಗಂಡನೊಡನೆ ಹರಟುತ್ತಾಳೆ. ವ್ಯಾಪಾರಿಗಳು ಎದುರಾದರೆ ನನ್ನನ್ನು ನೋಡಿ ಈಗಲೂ ಬೆಲೆ ಹೇಳುತ್ತಾರೆ, ಅವಳು ಮುಂದೆ ಹೋಗುತ್ತಾಳೆ. ಮಾರಾಟಕ್ಕೆಂದೇ ಹುಟ್ಟಿದ ನನಗೆ ಇದಕ್ಕಿಂತ ದೊಡ್ಡ ಬೆಲೆ ಯಾರು ಕಟ್ಟಿಯಾರು? ಟೀವಿಯನ್ನು ದಿನವೂ ಒರೆಸುವ ದಾಕ್ಷಾಯಣಿ ಗಾಜಿನ ಮೇಲಿನ ಆ ಬೆರಳಿನ ಗುರುತೊಂದನ್ನು ಮಾತ್ರ ಹಾಗೆಯೇ ಬಿಟ್ಟಿದ್ದಾಳೆ.