ಕಟ್ಟೆಯೊಳಗಿನ ಕಲ್ಲು

“ಯಾಕ ನಿಂತೆ ಬೋಸುಡಿ? ಕುಣಿ ನಿಮ್ಮಪ್ಪ ಬಂದು ತೋಡತಾನೇನ?”

ಗುತ್ತಿಗೆದಾರ ಸಿದ್ದಲಿಂಗಪ್ಪನ ಬೈಗುಳ ಬೆನ್ನಿಗೆ ಬಿದ್ದರೂ ದುರಗವ್ವ ಬಗ್ಗಲಿಲ್ಲ. ಹಾರೆಯ ತುದಿಗೆ ಮಣ್ಣು ತೀರ ಮೆತ್ತಗೆ ಸಿಕ್ಕಿತ್ತು. ನವನಗರದ ಹಿಂದಿನ ಆ ದಿಣ್ಣೆಯೆಲ್ಲ ಗರಸು ನೆಲ. ಎಲ್ಲಿ ಕುಕ್ಕಿದರೂ ಹಾರೆ ಕಿಡಿ ಕಾರುತ್ತಿತ್ತು. ಹಿಂದೊಮ್ಮೆ ಅಗೆದು ಮುಚ್ಚಿದ ನೆಲ ಮಾತ್ರ ಹೀಗೆ ಬಾಯಿ ಬಿಡುತ್ತದೆ. ಕೇರಿಯವರು ತಲೆಮಾರುಗಳಿಂದ ತಮ್ಮ ಸತ್ತವರನ್ನು ಹೂಳುತ್ತ ಬಂದ ಜಾಗವದು. ಮೂಲೆಯ ಹೆಬ್ಬಂಡೆಯ ಮಗ್ಗುಲಿಗೆ, ಅವಳ ಹಾರೆ ಇಳಿದ ಜಾಗದಲ್ಲೇ, ಅವಳ ಅತ್ತೆ ಮಲಗಿದ್ದಳು.

“ಯಪ್ಪಾ, ಇಲ್ಲಿ ನಮ್ಮತ್ತಿ ಅದಾಳ್ರಿ.”

“ಹೌದೇನ? ಆಕಿ ಕಲ್ಲ ಎಲ್ಲೈತಿ, ತೋರಸು.”

ಕಲ್ಲು ಇರಲಿಲ್ಲ. ಬೇಸಗೆಯಲ್ಲಿ ಇದೇ ಸಿದ್ದಲಿಂಗಪ್ಪ ಕೇರಿಗೆ ಬಂದು, ಊರವರ ರುದ್ರಭೂಮಿಗೆ ಇರುವಂತೆ ನಿಮ್ಮದಕ್ಕೂ ಸುತ್ತ ಗೋಡೆ ಕಟ್ಟಿಸಿಕೊಡುತ್ತೇನೆ, ಗೋರಿಕಲ್ಲುಗಳನ್ನು ಕಿತ್ತು ಒಂದು ಕಡೆ ಒಟ್ಟಿರಿ ಎಂದಿದ್ದ. ಬದುಕಿದ್ದಾಗ ಸಿಗದ ಗೋಡೆ ಸತ್ತ ಮೇಲಾದರೂ ಸಿಗುತ್ತದೆಂದು ಕೇರಿಗೆ ಕೇರಿಯೇ ಹಿಗ್ಗಿತ್ತು. ದುರಗವ್ವನ ಗಂಡ ಫಕೀರಪ್ಪ ತಾನೇ ಮುಂದೆ ನಿಂತು ಕಲ್ಲು ಕಿತ್ತಿದ್ದ; ತಾಯಿಯ ಕಲ್ಲನ್ನು ಮುಟ್ಟುವ ಮುಂಚೆ ಕೈ ಮುಗಿದಿದ್ದ. ಆಮೇಲೆ ಸರ್ವೆಯವರು ಬಂದರು. ಬರಿ ನೆಲ ಕಂಡು ಪಾಳುಭೂಮಿಯೆಂದು ಬರೆದುಕೊಂಡು ಹೋದರು. ಗೋಡೆ ಬರಲಿಲ್ಲ, ತಂತಿಬೇಲಿ ಬಂತು. ಈಗ ಅದರೊಳಗೆ ಸಸಿಗೆ ಕುಣಿ ತೋಡುವ ಕೂಲಿಯೂ ಅವರದೇ.

ದುರಗವ್ವ ಆ ಕುಣಿಯನ್ನು ಅರ್ಧಕ್ಕೇ ಬಿಟ್ಟು ಮುಂದಿನದಕ್ಕೆ ಹೋದಳು. ಅದನ್ನು ಸಿದ್ದಲಿಂಗಪ್ಪ ಬೇರೆಯವರಿಂದ ತೋಡಿಸಿದ.

ಸಸಿ ನೆಡುವ ದಿನ ದೇಶಪಾಂಡೆ ನಗರದ ಕಚೇರಿಯಿಂದ ಅಭಿವೃದ್ಧಿ ಬ್ಯಾಂಕಿನ ರಾಜಶೇಖರ ಸಾಹೇಬರು ಬಂದರು. ಹಿಂದೆ ಕಾರುಗಳ ಸಾಲು. ಒಳಗಿನ ತಂಪು ಆರಬಾರದೆಂದು ಡ್ರೈವರುಗಳು ಎಂಜಿನ್ ನಿಲ್ಲಿಸಲಿಲ್ಲ. ತಮ್ಮ ಬ್ಯಾಂಕು ಸಾಲ ಕೊಟ್ಟು ಕಟ್ಟಿಸಿದ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಎಲ್ಲೋ ದೂರದಲ್ಲಿ ಉಗುಳುವ ಹೊಗೆಯನ್ನು ಇಲ್ಲಿಯ ಗಿಡಗಳು ಕುಡಿಯುತ್ತವೆಂದು ಸಾಹೇಬರು ವಿವರಿಸಿದರು. ಹಾಗೆಂದು ಬ್ಯಾಂಕು ಜಗತ್ತಿಗೆಲ್ಲ ಮಾತು ಕೊಟ್ಟಿದೆಯಂತೆ. ಫೋಟೋಕ್ಕೆಂದು ದುರಗವ್ವನ ಕೈಗೆ ಸಸಿ ಕೊಟ್ಟರು. ಅವಳು ಅದನ್ನು ಸಾಹೇಬರತ್ತ ಚಾಚಿದಾಗ ಸಿದ್ದಲಿಂಗಪ್ಪ ನಡುವೆ ಬಂದು, ನೆಲಕ್ಕಿಡು ಎಂದು ಕಣ್ಣಲ್ಲೇ ಗದರಿದ. ಸಾಹೇಬರು ನೆಲದಿಂದ ಎತ್ತಿಕೊಂಡರು.

ತಗ್ಗಿಸಿದ ಅವಳ ಕಣ್ಣಿಗೆ ಆಗ ಬ್ಯಾಂಕಿನ ಫಲಕ ಹೊತ್ತ ಹೊಸ ಕಟ್ಟೆ ಬಿತ್ತು. ಸಿಮೆಂಟಿನ ನಡುವೆ ಒಂದು ಕಲ್ಲು. ತಾಯಿಗೆ ದೀಪ ಇಡಲೆಂದು ಫಕೀರಪ್ಪ ಚಾಣ ಹಿಡಿದು ಕೊರೆದ ಗುಳಿ ಅದರಲ್ಲಿ ಹಾಗೆಯೇ ಇತ್ತು.

ಮನೆಗೆ ಹೋಗಿ ಹೇಳಿದಳು. ಕೆಮ್ಮಿನಿಂದ ಹಾಸಿಗೆ ಹಿಡಿದಿದ್ದ ಫಕೀರಪ್ಪ ಗೋಡೆಗೆ ಒರಗಿ ಎದ್ದು ಕೂತ.

“ನನ್ನ ಕೈಯಾರ ಕಿತ್ತೇನಿ ದುರಗಿ,” ಎಂದ. “ನಮ್ಮವ್ವನ ಮಗ್ಗಲಕ್ಕ ಹಾಕ ನನ್ನ. ಮತ್ತೆಲ್ಲೂ ಬ್ಯಾಡ.”

ಅವಳು ಹೂಂ ಅಂದಳು.

ಚಳಿಗಾಲ ಕಾಲಿಡುವಾಗ ಅವನು ಸತ್ತ. ಕೇರಿಯವರು ಹೆಣ ಹೊತ್ತು ಬಂದಾಗ ಬೇಲಿಯ ಗೇಟಿಗೆ ಒಳಗಿನಿಂದ ಬೀಗ ಬಿದ್ದಿತ್ತು. ಗಿಡ ನೋಡಲು ಬಂದ ಸಾಹೇಬರೂ ಸಿದ್ದಲಿಂಗಪ್ಪನೂ ಒಳಗೆ ನಿಂತಿದ್ದರು.

“ಹೆಣಾ ಹುಗ್ಯಾಕ ನಿಮ್ಮಪ್ಪನ ಹೊಲಾ ಏನಲೇ ಇದು? ಒಯ್ದ ಎಲ್ಲ್ಯರ ಸುಡ್ರಿ, ಸೂಳಿಮಕ್ಕಳ್ರ,” ಎಂದ ಸಿದ್ದಲಿಂಗಪ್ಪ.

“ಸುಡಾಕ ಕಟಗಿ ನಿಮ್ಮ ಮಾವ ಕೊಡತಾನೇನ?” ಎಂದಳು ನೆರೆಮನೆಯ ದೇವಕ್ಕ. “ಬೇಲ್ಯಾಗಿನ ಒಣಾ ಟೊಂಗಿ ಮುಟ್ಟಿದ್ದಕ್ಕ ನನ್ನ ಕುಡಗೋಲ ಕಸಗೊಂಡಾಂವ ನೀನ ಅಲ್ಲೇನೋ ಭಾಡ್ಯಾ.”

ಸಾಹೇಬರು ಮೆಲ್ಲಗೆ ಕೈಯೆತ್ತಿದರು. “ಸುಡೂದೂ ಛಲೋ ಅಲ್ರಿ, ಹೊಗಿ ಆಗ್ತದ. ಹೊಗಿ ಕಡಿಮಿ ಮಾಡ್ತೇವಿ ಅಂತ ನಾವು ಮಾತು ಕೊಟ್ಟೇವಿ. ತಿಳ್ಕೋರಿ ತಾಯಿ.”

“ನೀವು ಮಾತ ಕೊಟ್ಟೀರಿ ಸಾಹೇಬ್ರ,” ಎಂದಳು ದುರಗವ್ವ. “ನಾನೂ ಕೊಟ್ಟೇನಿ.”

ಅವಳು ಕುಣಿ ತೋಡಲು ತಂದಿದ್ದ ಹಾರೆಯನ್ನು ಬೀಗದ ಕೊಂಡಿಯೊಳಗೆ ತೂರಿಸಿ ಮೀಟಿದಳು. ಗೇಟು ತೆರೆಯಿತು.

ಒಳಗೆ ಗರಸಿನಲ್ಲಿ ನೆಟ್ಟ ಸಸಿಗಳು ಒಣಗಿ ಕಡ್ಡಿಯಾಗಿದ್ದವು. ಸತ್ತವರ ಮೇಲೆ ನೆಟ್ಟವು ಮಾತ್ರ ಸೊಂಟದೆತ್ತರ ಬೆಳೆದು ನಿಂತಿದ್ದವು. ಯಾರ ಮಗ್ಗುಲಿಗೆ ಯಾರು ಮಲಗಿದ್ದಾರೆಂಬುದು ಈಗ ದೂರದಿಂದಲೇ ಕಾಣುತ್ತಿತ್ತು. ಹೆಬ್ಬಂಡೆಯ ಬದಿಯ ಗಿಡದ ಪಕ್ಕದಲ್ಲಿ ಗಂಡಸರು ಕುಣಿ ತೋಡಿದರು. ಸಿದ್ದಲಿಂಗಪ್ಪ ಮೊಬೈಲಿನಲ್ಲಿ ಪೊಲೀಸರನ್ನು ಕರೆಯುತ್ತಿದ್ದ. ಫಕೀರಪ್ಪನ ಮೇಲೆ ಮೂರು ಹಿಡಿ ಮಣ್ಣು ಹಾಕಿ ದುರಗವ್ವ ಎದ್ದಳು. ನೇರ ಕಟ್ಟೆಯ ಬಳಿಗೆ ನಡೆದು ಸಿಮೆಂಟಿನ ಸಂದಿಗೆ ಹಾರೆ ಹಾಕಿದಳು. ಫಲಕ ಒಂದು ಕಡೆಗೆ ವಾಲಿತು.

ಗುಳಿಯಿದ್ದ ಕಲ್ಲನ್ನು ತಲೆಯ ಮೇಲೆ ಹೊತ್ತು ತಂದು ಅತ್ತೆಯ ತಲೆದೆಸೆಗೆ ನಿಲ್ಲಿಸಿದಳು. ರಸ್ತೆಯ ಕಡೆಯಿಂದ ಪೊಲೀಸ್ ಜೀಪಿನ ಸದ್ದು ಕೇಳಿಬಂತು. ದುರಗವ್ವ ತಿರುಗಿ ನೋಡಲಿಲ್ಲ. ಹಾರೆ ಎತ್ತಿಕೊಂಡು ಮತ್ತೆ ಕಟ್ಟೆಯತ್ತ ಹೊರಟಳು. ಅದರೊಳಗೆ ಕೇರಿಯ ಕಲ್ಲುಗಳು ಇನ್ನೂ ಇದ್ದವು.