ಹಿಂದಿನ ಸೀಟಿನ ತಂಗಿ

ಶ್ರಾವಣ ಬಂತೆಂದರೆ ಕಂಪ್ಲಿಯಿಂದ ಹೊಸಪೇಟೆಯವರೆಗೆ ರಸ್ತೆಯ ತುಂಬ ಅಣ್ಣಂದಿರೇ. ಪಂಚಮಿಗೆ ತಂಗಿಯನ್ನು ತವರಿಗೆ ಕರೆತರಲು ಹೊರಟವರು. ಹೋಗುವಾಗ ಗಾಡಿಯ ಹಿಂದಿನ ಸೀಟು ಖಾಲಿ. ಬರುವಾಗ ಅಲ್ಲೊಂದು ಹಸಿರು ಸೀರೆ, ತೊಡೆಯ ಮೇಲೊಂದು ಚೀಲ. ಯಾರ ಹಿಂದೆ ಯಾರ ತಂಗಿ ಕುಳಿತಿದ್ದಾಳೆ ಎಂಬುದನ್ನು ಆ ವಿರೂಪಾಕ್ಷನೇ ಬಲ್ಲ.

ಕಂಪ್ಲಿ ಕೋಟೆಯ ಪಾಲಪ್ಪನೂ ಆ ಬೆಳಿಗ್ಗೆ ಅದೇ ಸಂಭ್ರಮದಲ್ಲಿದ್ದ. ಎಪ್ಪತ್ತರ ಹೊಸ್ತಿಲಿಗೆ ಬಂದ ಮನುಷ್ಯ. ತಂಗಿ ನಿಂಗಕ್ಕನನ್ನು ಕಡ್ಡಿರಾಂಪುರಕ್ಕೆ ಕೊಟ್ಟಂದಿನಿಂದ ಒಂದು ಪಂಚಮಿಯನ್ನೂ ತಪ್ಪಿಸಿದವನಲ್ಲ. ಮೊದಲು ಬಂಡಿ ಹೂಡಿಕೊಂಡು ಹೋದ, ಆಮೇಲೆ ಸೈಕಲ್ಲು ತುಳಿದ, ಈಗ ಟಿವಿಎಸ್ ಗಾಡಿ.

ಮಗ ಲಿಂಗರಾಜ ಗಾಡಿಯ ಸೀಟು ಒರೆಸಿದ. ಕೀಯನ್ನು ಮಾತ್ರ ಮುಷ್ಟಿಯಲ್ಲೇ ಹಿಡಿದುಕೊಂಡು ನಿಂತ.

"ಅಪ್ಪಾ, ಒಂದ್ ಮಾತು. ಈ ಸಲ ಒಂದೀಟು ಎಡವಟ್ಟಾತಂದ್ರೂ ಕೀ ನನ್ನ ಕೈಗೆ ಕೊಟ್ಟುಬಿಡಬೇಕು. ಬರೋ ವರ್ಷದಿಂದ ಅತ್ತೀನ್ನ ನಾನ ಕರಕೊಂಡು ಬರ್ತೀನಿ."

"ನೀ ಹೋದ್ರ ಅಳಿಯ ಬಂದಂಗಾಗತೈತಲೇ, ಅಣ್ಣ ಬಂದಂಗಲ್ಲ. ಕೊಡು ಇತ್ಲಾಗ."

ಲಿಂಗರಾಜ ಕೀ ಕೊಟ್ಟ. ಜೊತೆಗೆ ಒಂದು ಹೆಲ್ಮೆಟ್ಟನ್ನೂ ತಂದೆಯ ರುಮಾಲಿನ ಮೇಲೆಯೇ ಒತ್ತಿ ಕೂರಿಸಿದ. ಪಾಲಪ್ಪನಿಗೆ ಮೊದಲೇ ಕಿವಿ ಮಂದ. ಈಗ ಲೋಕವೆಲ್ಲ ಬಾವಿಯೊಳಗಿಂದ ಮಾತಾಡಿದಂತಾಯಿತು.

ಮಗನಿಗೆ ತಿಳಿಯದ ಸಂಗತಿಯೊಂದಿತ್ತು. ಪಾಲಪ್ಪನ ಬಲಗಣ್ಣಿಗೆ ಕೆಲವು ತಿಂಗಳಿಂದ ಮಂಜು ಕವಿದಿತ್ತು. ಹೇಳಿದರೆ ಕೀ ಹೋಗುತ್ತದೆ. ಕೀ ಹೋದರೆ ಅಣ್ಣನಾಗಿ ತಂಗಿಯ ಬಾಗಿಲಿಗೆ ಹೋಗುವ ಭಾಗ್ಯ ಹೋಗುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಎದ್ದು, "ಎಡಗಣ್ಣು ಇಟ್ಟೀಯಲ್ಲಪ್ಪಾ, ಅಷ್ಟ ಸಾಕು" ಎಂದು ಕೈಮುಗಿದು ಸುಮ್ಮನಾಗುತ್ತಿದ್ದ.

ಕಡ್ಡಿರಾಂಪುರದಲ್ಲಿ ನಿಂಗಕ್ಕ ಬೆಳಕು ಹರಿಯುವ ಮುಂಚಿನಿಂದಲೇ ಕಟ್ಟೆಯ ಮೇಲೆ ಚೀಲ ಇಟ್ಟುಕೊಂಡು ಕುಳಿತಿದ್ದಳು. ಮೊಮ್ಮಕ್ಕಳನ್ನು ಕಂಡವಳು, ಆದರೆ ಅಣ್ಣನ ಗಾಡಿಯ ಸದ್ದು ಕೇಳಿದರೆ ಇಂದಿಗೂ ಎದೆ ಡೊಳ್ಳಿನಂತೆ ಬಡಿಯುತ್ತಿತ್ತು.

"ಏನಣ್ಣಾ, ಇಳಿಯಾಕ ಇಷ್ಟೊತ್ತು? ಗಾಡಿ ಮ್ಯಾಲ ಬೇರು ಬಿಟ್ಟೀಯೇನು?"

"ತಡಿಬೇ. ಪಾದ ಮೊದಲ ಇಳೀತಾವ, ಮಣಕಾಲು ವಿಚಾರ ಮಾಡಿ ಆಮ್ಯಾಲ ಬರ್ತಾವ." ಪಾಲಪ್ಪ ತಂಗಿಯ ಮುಖವನ್ನು ಎಡಗಣ್ಣಿನಿಂದ ದಿಟ್ಟಿಸಿದ. "ಇದೇನು, ನಿನ್ನ ಹಲ್ಲು ಭಾಳ ಬೆಳ್ಳಗಾಗ್ಯಾವು?"

"ಹೊಸ ಸೆಟ್ಟು. ನನಗಿಂತ ಅರವತ್ತು ವರ್ಷ ಸಣ್ಣವು ಅವು. ಅದಕ್ಕ ನನ್ನ ಮಾತು ಕೇಳಂಗಿಲ್ಲ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒಬ್ಬರ ಮುಪ್ಪನ್ನು ಒಬ್ಬರು ನೋಡಿ ನಗುವುದಕ್ಕೂ ಇಬ್ಬರೂ ಉಳಿದಿರಬೇಕಲ್ಲ; ಆ ಪುಣ್ಯ ಅವರಿಗೆ ಗೊತ್ತಿತ್ತು.

"ಬೇವಿನ ಗಿಡಕ್ಕ ಜೋಕಾಲಿ ಕಟ್ಟೀರಿಲ್ಲೋ?" ನಿಂಗಕ್ಕ ಗಾಡಿ ಹತ್ತುತ್ತಲೇ ಕೇಳಿದಳು.

"ಕಟ್ಟೀವಿ. ಹಗ್ಗ ಹೊಸಾದು."

"ಸೊಂಟ ಹಳೇದು. ಇರಲಿ, ಹಗ್ಗ ಗಟ್ಟಿ ಇದ್ರ ಸಾಕು!"

ಹಂಪಿಯ ಗೋಪುರ ಕಂಡಾಗ ಪಾಲಪ್ಪ ಗಾಡಿ ನಿಲ್ಲಿಸಿ ಕೈಮುಗಿದ. ಮೊದಲೆಲ್ಲ ಒಂದು ಕೈ ಬಿಟ್ಟು ಓಡಿಸುತ್ತಲೇ ಮುಗಿಯುತ್ತಿದ್ದ. ವಯಸ್ಸಾದ ಮೇಲೆ ದೇವರಿಗೆ ಎರಡೂ ಕೈ ಸಿಗುವಂತಾಯಿತಲ್ಲ ಎಂದು ಅದಕ್ಕೂ ಖುಷಿಪಟ್ಟ.

ಕಮಲಾಪುರದಲ್ಲಿ ಚಹಾದಂಗಡಿಯ ಮುಂದೆ ಗಾಡಿ ನಿಂತಿತು. ಪಂಚಮಿಯ ಜನ ಗಿಜಿಗುಡುತ್ತಿತ್ತು. ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ತಿಂದರು. ಮಂಡಕ್ಕಿಯ ಕಾಳೊಂದು ನಿಂಗಕ್ಕನ ಹೊಸ ಹಲ್ಲಿನ ಕೆಳಗೆ ಸೇರಿಕೊಂಡಿತು. ಜನರ ಮುಂದೆ ಹಲ್ಲು ತೆಗೆಯುವುದು ಹೇಗೆ? "ಅಣ್ಣಾ, ಇಲ್ಲೇ ಇರು, ನಲ್ಲಿಗೆ ಹೋಗಿ ಬರ್ತೀನಿ" ಎಂದವಳೇ ಚೀಲದೊಂದಿಗೆ ಅಂಗಡಿಯ ಹಿಂದಕ್ಕೆ ಹೋದಳು. ಪಾಲಪ್ಪನ ಫೋನೂ ಅದೇ ಚೀಲದಲ್ಲಿತ್ತು. ಅಷ್ಟರಲ್ಲಾಗಲೇ ಹೆಲ್ಮೆಟ್ಟು ಹಾಕಿಕೊಂಡಿದ್ದ ಪಾಲಪ್ಪನಿಗೆ ಅವಳ ಮಾತು ಕೇಳಿಸಲೇ ಇಲ್ಲ.

ಅದೇ ಹೊತ್ತಿಗೆ ಸಂಡೂರು ಕಡೆಯ ಹಳ್ಳಿಯಿಂದ ಬಂದು ಬಸ್ಸಿಳಿದ ಭೀಮಮ್ಮ ಎಂಬಾಕೆ ಅಂಗಡಿಯ ಮುಂದೆ ನಿಂತಿದ್ದಳು. ಅವಳ ತವರು ಮುಂದಿನ ಬುಕ್ಕಸಾಗರ. ಪ್ರತಿ ವರ್ಷ ಅಣ್ಣ ಸುಂಕಪ್ಪ ಇಲ್ಲಿಗೇ ಬಂದು ಕರೆದೊಯ್ಯುತ್ತಿದ್ದ. ಅವನು ಕಳೆದ ಚಳಿಗಾಲದಲ್ಲಿ ಶಿವನ ಪಾದ ಸೇರಿದ್ದ. ಈ ಸಲ ಸುಂಕಪ್ಪನ ಮಗ ಮೌನೇಶ ಫೋನು ಮಾಡಿ, "ಅತ್ತೀ, ನಮ್ಮೂರಿಗೆ ಹೊಸದಾಗಿ ಬಂದ ಹಿರಿಯಾತ ಕಾಳಪ್ಪ ಟಿವಿಎಸ್ ತಗೊಂಡು ಬರ್ತಾನ, ಚಾದಂಗಡಿ ಮುಂದ ನಿಂದ್ರು" ಎಂದಿದ್ದ. ಕಾಳಪ್ಪನನ್ನು ಅವಳು ನೋಡಿರಲಿಲ್ಲ. ಎದುರಿಗೆ ಟಿವಿಎಸ್ ಇತ್ತು, ಅದರ ಮೇಲೆ ಹಿರಿಯಾತನೊಬ್ಬ ಇದ್ದ. ಹತ್ತಿ ಕುಳಿತಳು.

ಗಾಡಿ ಜಗ್ಗಿದ್ದು ಪಾಲಪ್ಪನಿಗೆ ತಿಳಿಯಿತು. "ಕುಂತ್ಯೇನಬೇ?"

"ಹೂಂ, ನಡೀರಿ."

ಹಸಿರು ಸೀರೆಯ ಸೆರಗು ಎಡಗಣ್ಣಿನ ಅಂಚಿನಲ್ಲಿ ಹಾರಿತು. ಪಾಲಪ್ಪ ಹೊರಟೇಬಿಟ್ಟ.

ಕೆರೆ ದಾಟಿತು. ಎರಡೂ ಬದಿಗೆ ಬಾಳೆ ತೋಟ, ಕಾಲುವೆಯಲ್ಲಿ ಕೆಂಪು ಹೊಸ ನೀರು. ಪಾಲಪ್ಪನಿಗೆ ಉಮೇದು ಬಂತು.

"ನಿಂಗೀ, ನಿನಗೊಂದು ಮಾತು ಹೇಳ್ತೀನಿ. ಲಿಂಗರಾಜನ ಮುಂದ ಬಾಯಿ ಬಿಡಬ್ಯಾಡ. ಬಲಗಣ್ಣಾಗ ಮಂಜು ಬಂದೈತಿ. ಚಂದ್ರ ಎರಡೆರಡು ಕಾಣತಾನ. ಇರಲಿ ಬಿಡು, ಬಡವರಿಗೆ ಒಂದು ಹೆಚ್ಚಿಗಿ ಚಂದ್ರ ಸಿಕ್ಕಂಗಾತು!"

ಹಿಂದಿನಿಂದ ಮೆಲ್ಲಗೆ ನಗು ಕೇಳಿದಂತಾಯಿತು.

"ನೆಪ್ಪೈತೇನು, ಬಂಡ್ಯಾಗ ಬರುವಾಗ ನೀ ಉಂಡಿ ಎಲ್ಲಾ ದಾರ್‍ಯಾಗ ತಿಂದು ಖಾಲಿ ಡಬ್ಬಿ ಅವ್ವನ ಕೈಗೆ ಕೊಟ್ಟಿದ್ದಿ! ಈಗ ಉಂಡಿ ಅದಾವು, ಹಲ್ಲಿಲ್ಲ. ಆದ್ರೂ ತಂಗಿ, ನೀ ಹಿಂದ ಕುಂತ್ರ ನನಗ ವಯಸ್ಸಾಗೈತಿ ಅಂತ ಅನಸಂಗಿಲ್ಲ ನೋಡು."

ಹಿಂದಿನಿಂದ ಹೆಗಲ ಮೇಲೆ ಒಂದು ಕೈ ಬಂದು ಕುಳಿತಿತು.

ಬುಕ್ಕಸಾಗರದ ಹತ್ತಿರ ಆ ಕೈ ಅವನ ಹೆಗಲು ತಟ್ಟಿತು. ಪಾಲಪ್ಪ ಗಾಡಿ ನಿಲ್ಲಿಸಿ ಹೆಲ್ಮೆಟ್ಟು ತೆಗೆದ.

"ನಮ್ಮೂರು ಬಂತ್ರಿ, ಅಣ್ಣಾರ."

ಪಾಲಪ್ಪ ತಿರುಗಿ ನೋಡಿದ. ಎಡಗಣ್ಣು ಉಜ್ಜಿಕೊಂಡು ಮತ್ತೆ ನೋಡಿದ. "ಯವ್ವಾ! ನೀ ಯಾರಬೇ?"

"ನಾ ಭೀಮಮ್ಮ. ಮೌನೇಶ ಕಳಿಸಿದ ಕಾಳಪ್ಪ ನೀವಂತ ಹತ್ತಿದ್ದೆ."

"ನಾ ಪಾಲಪ್ಪ! ನನ್ನ ತಂಗಿ ಎಲ್ಲಿ?"

"ಕಮಲಾಪುರದಾಗ ಬಿಟ್ಟು ಬಂದೀರಿ."

ಪಾಲಪ್ಪ ಬಂದ ದಾರಿಯತ್ತ ತಿರುಗಿ ನೋಡಿದ. ಇಷ್ಟು ವರ್ಷ ಬಿಸಿಲು ಮಳೆ ಎನ್ನದೆ ಕರೆತಂದ ತಂಗಿಯನ್ನು ನಡುದಾರಿಯಲ್ಲಿ ಬಿಟ್ಟು, ಮಂದಿಯ ತಂಗಿಯನ್ನು ಹೊತ್ತು ತಂದಿದ್ದ! ಲಿಂಗರಾಜನ ಚಾಚಿದ ಅಂಗೈ ಕಣ್ಣ ಮುಂದೆ ಬಂತು.

"ಇಳಿಯವ್ವಾ ಜಲ್ದಿ, ನಾ ತಿರುಗಿ ಹೋಗಬೇಕು."

"ನಾ ಇಳಿಯಂಗಿಲ್ಲ. ನಿಮ್ಮ ಬಲಗಣ್ಣಿನ ಸುದ್ದಿ ನನಗ ಗೊತ್ತೈತಿ. ನನ್ನ ಕಣ್ಣು ದೂರದ್ದು ಚಲೋ ಕಾಣತಾವ. ಹತ್ತಿರದ ಸೂಜಿ ಕಾಣಂಗಿಲ್ಲ, ಅಷ್ಟ. ಮೆಲ್ಲಕ ನಡೀರಿ, ನಾ ಹೇಳ್ತೀನಿ."

ಗಾಡಿ ತಿರುಗಿತು. ಈಗ ಹೆಲ್ಮೆಟ್ಟು ಭೀಮಮ್ಮನ ತಲೆಯ ಮೇಲೆ. ಅವಳ ಕೂಗು ಪಾಲಪ್ಪನ ಕಿವಿಯಲ್ಲಿ.

"ಎಡಕ್ಕ ಸರೀರಿ, ಎಮ್ಮಿ ಬಂತು! ಇನ್ನೂ ಎಡಕ್ಕ! ಅಯ್ಯ, ಕಾಲುವಿಗೆ ಅಂದಿಲ್ರಿ ನಾ! ಬಲಕ್ಕ ಕುರಿ ಅದಾವು, ಹಾರನ್ ಹೊಡೀರಿ!"

"ಹಾರನ್ ಕೆಟ್ಟೈತವ್ವಾ."

"ಹಂಗಾದ್ರ ನಾನ ಕೂಗ್ತೀನಿ. ಹೋಯ್, ಸರೀರ್‍ಯೋ!"

ಕುರಿಗಳು ಸರಿದವು. ಕುರಿ ಕಾಯುವವನೂ ಸರಿದ. ಭಯದ ನಡುವೆಯೂ ಪಾಲಪ್ಪನಿಗೆ ನಗು ತಡೆಯಲಾಗಲಿಲ್ಲ. ಬಾಯಲ್ಲಿ ಮಾತ್ರ ಒಂದೇ ಜಪ: "ವಿರೂಪಾಕ್ಷಾ, ನನ್ನ ನಿಂಗೀನ್ನ ಕೊಡಪ್ಪಾ."

ಎದುರಿನಿಂದ ಇನ್ನೊಂದು ಟಿವಿಎಸ್ ಧೂಳೆಬ್ಬಿಸಿಕೊಂಡು ಬಂತು. ಮುಂದೆ ಬಿಳಿ ಮೀಸೆಯ ಮುದುಕ, ಹಿಂದೆ ಹಸಿರು ಸೀರೆ. ಭರ್‍ರೆಂದು ಪಕ್ಕದಲ್ಲೇ ಹಾದುಹೋಯಿತು. ಪಾಲಪ್ಪ ನೋಡಲಿಲ್ಲ, ಅದು ಬಲಗಡೆಯಿಂದ ಹೋಗಿತ್ತು.

"ನಿಲ್ಲಸ್ರಿ!" ಭೀಮಮ್ಮ ಅವನ ಬೆನ್ನಿಗೆ ಗುದ್ದಿದಳು. "ಹಿಂದ ಕುಂತಾಕಿ 'ಅಣ್ಣೋ' ಅಂತ ಒದರಿದಳ್ರೀ!"

ಎರಡೂ ಗಾಡಿಗಳು ಒಂದಿಷ್ಟು ದೂರದಲ್ಲಿ ನಿಂತವು. ನಿಂಗಕ್ಕ ಇಳಿದು, ಸೀರೆಯ ನೆರಿಗೆ ಎತ್ತಿಕೊಂಡು, ಮಂಡಿನೋವು ಮರೆತು ಓಡಿ ಬಂದಳು. ಹಲ್ಲಿನ ಸೆಟ್ಟು ಇನ್ನೂ ಅವಳ ಕೈಯಲ್ಲೇ ಇತ್ತು.

"ನನ್ನಣ್ಣನಾ ನೀ? ಹಲ್ಲು ತೊಳಕೊಂಡು ಬರೋದ್ರಾಗ ಇನ್ನೊಬ್ಬ ತಂಗೀನ್ನ ಮಾಡಿಕೊಂಡ್ಯೇನು?"

ಬೊಚ್ಚು ಬಾಯಿಯಿಂದ ಬೈಗುಳವೆಲ್ಲ ಗಾಳಿಯಾಗಿ ಬಂತು. ಪಾಲಪ್ಪ ಎರಡೂ ಕೈಯಲ್ಲಿ ತಂಗಿಯ ಮುಖ ಹಿಡಿದು, ಎಡಗಣ್ಣಿನ ಸಮೀಪಕ್ಕೆ ತಂದು, ಇವಳೇ ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಂಡ. ಆಮೇಲೆ ರಸ್ತೆಯ ಬದಿಗೆ ಕುಳಿತು ಅತ್ತ, ಅಳುತ್ತಲೇ ನಕ್ಕ.

ನಿಂಗಕ್ಕನನ್ನು ತಂದವನು ಕಾಳಪ್ಪ. ಅಂಗಡಿಯ ಮುಂದೆ ಅಣ್ಣನನ್ನು ಹುಡುಕುತ್ತಿದ್ದವಳನ್ನು ಕಂಡು, "ನೀವ ಏನ್ರಿ ಭೀಮಮ್ಮಾರು?" ಎಂದು ಕೇಳಿದ್ದನಂತೆ. "ಅಲ್ಲ, ಆದ್ರ ನನ್ನ ಕರಕೊಂಡು ನಡಿ!" ಎಂದು ಇವಳೇ ಹತ್ತಿ ಕುಳಿತಿದ್ದಳಂತೆ.

"ಆ ಯಕ್ಕನೂ ಒಂದು ಮಾತು ಅನಬಾರದೇನು, ನಾ ನಿನ್ನ ತಂಗಿ ಅಲ್ಲಂತ?" ನಿಂಗಕ್ಕ ಭೀಮಮ್ಮನ ಕಡೆ ತಿರುಗಿದಳು.

ಭೀಮಮ್ಮ ಹೆಲ್ಮೆಟ್ಟು ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಕೆರಿ ದಾಟಿದ ಮ್ಯಾಲ ನಿಮ್ಮಣ್ಣ 'ನಿಂಗೀ' ಅಂದಾಗ್ಲೇ ಗೊತ್ತಾಗಿತ್ತವ್ವಾ. ನಮ್ಮಣ್ಣನೂ ಹಿಂಗ, ಗಾಡಿ ಹೊಡೀತಾ ದಾರಿ ತುಂಬ ಮಾತಾಡ್ತಿದ್ದ. ಈ ಸಲ ಸುಮ್ನ ಕುಂತು ಹೋಗಬೇಕಲ್ಲಂತ ಮನೀ ಬಿಡುವಾಗ ಕಣ್ಣೀರು ಬಂದಿತ್ತು. ಹಿಂದಿಂದ ಕೇಳಿದ್ರ ಎಲ್ಲಾ ಅಣ್ಣಗಳ ಮಾತೂ ಒಂದ. ನಮ್ಮೂರು ಬರೋತನ ಕೇಳೋಣಂತ ಸುಮ್ಮನಾದೆ. ತಪ್ಪಾತು."

ನಿಂಗಕ್ಕನ ಸಿಟ್ಟು ಅಲ್ಲೇ ಕರಗಿತು. ಹಲ್ಲು ಬಾಯಿಗೆ ಹಾಕಿಕೊಂಡು ಸ್ಪಷ್ಟವಾಗಿ ಹೇಳಿದಳು: "ತಪ್ಪೇನೈತಿ? ಪಂಚಮಿ ದಿನ ಕಂಪ್ಲಿಗೆ ಬಾ. ಹೊಸ ಹಗ್ಗದ ಜೋಕಾಲಿ ಐತಿ."

ಪಂಚಮಿಯ ದಿನ ಮೌನೇಶನ ಬೈಕಿನಲ್ಲಿ ಭೀಮಮ್ಮ ಬಂದೇಬಂದಳು. ಎಲ್ಲರೂ ಅರಳಿಕಟ್ಟೆಯ ನಾಗರಕಲ್ಲಿಗೆ ಹಾಲೆರೆಯಲು ಹೋದರು. ಹೆಂಗಸರು ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಪಾಲು ಎರೆದರು: ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು. ಭೀಮಮ್ಮ "ಅಣ್ಣನ ಪಾಲು" ಎಂದು ಸುಂಕಪ್ಪನನ್ನು ನೆನೆದು ಎರೆದಳು. ಬಟ್ಟಲಲ್ಲಿ ಇನ್ನೂ ಹಾಲಿತ್ತು. ಒಂದು ಗಳಿಗೆ ತಡೆದು, "ಈ ಅಣ್ಣಂದೂ ಪಾಲು" ಎಂದು ಮತ್ತೆ ಎರೆದಳು. ಪಾಲಪ್ಪ ತಲೆಯ ಮೇಲಿನ ರುಮಾಲು ತೆಗೆದು ಕೈಮುಗಿದ.

ತಿರುಗಿ ಬರುವಾಗ ಲಿಂಗರಾಜ ಕೇಳಿದ: "ಅತ್ತೀ, ಖರೇ ಹೇಳು. ದಾರ್‍ಯಾಗ ಎಡವಟ್ಟೇನಾರ ಆತೇನು?"

"ಎಡವಟ್ಟೆಲ್ಲಿಂದು? ಒಬ್ಬಾಕಿನ್ನ ಕರಿಯಾಕ ಬಂದಿದ್ದ, ಇಬ್ಬರು ಬಂದೀವಿ."

ಭೀಮಮ್ಮ ಮಾತ್ರ ಪಾಲಪ್ಪನ ಪಕ್ಕಕ್ಕೆ ಬಂದು ಮೆಲ್ಲಗೆ ಅಂದಳು: "ಚಂದ್ರನ ಸುದ್ದಿ ನೀವ ಹೇಳ್ತೀರೋ, ನಾ ಹೇಳ್ಲೋ, ಅಣ್ಣಾರ?"

ಪಾಲಪ್ಪ ಬೇವಿನ ಮರದ ಕೆಳಗೆ ನಿಂತ. ಜೋಕಾಲಿ ಗಾಳಿಗೆ ತಾನೇ ಆಡುತ್ತಿತ್ತು. ಅಂಗಿಯ ಜೇಬಿನಿಂದ ಕೀ ತೆಗೆದು ಮಗನ ಕೈಯಲ್ಲಿಟ್ಟ, ಬಲಗಣ್ಣಿನ ಸಂಗತಿಯನ್ನೂ ಹೇಳಿದ.

ಲಿಂಗರಾಜನಿಗೆ ಗೆದ್ದ ಖುಷಿ ಬರಲಿಲ್ಲ, ಅಪ್ಪನ ಬಲಗಣ್ಣನ್ನು ಹತ್ತಿರದಿಂದ ನೋಡಿದ. "ಹಬ್ಬ ಆದ ಮರುದಿನಾನ ಹೊಸಪ್ಯಾಟಿಗೆ ಹೋಗಿ ಕಣ್ಣು ತೋರಸೋಣಪ್ಪಾ. ಕಣ್ಣು ಸುದ್ದ ಆದ ಮ್ಯಾಲ ಕೀ ತಿರುಗಿ ಕೊಡ್ತೀನಿ."

"ಬ್ಯಾಡಲೇ. ಬರೋ ವರ್ಷ ಆಟೋ ಮಾಡು. ಮೊದಲ ಕಮಲಾಪುರ, ಅಲ್ಲಿಂದ ಕಡ್ಡಿರಾಂಪುರ. ನಾ ಇಬ್ಬರ ಎದುರಿಗೆ ಕುಂದರ್ತೀನಿ. ಗಾಡಿ ಹೊಡಿಯಾವಗ ಹಿಂದ ಕುಂತಾಕಿ ಮಕ ಕಾಣಂಗಿಲ್ಲ. ಇಷ್ಟು ವರ್ಷ ಕರಕೊಂಡು ಬಂದೀನಿ, ದಾರ್‍ಯಾಗ ನನ್ನ ತಂಗಿ ಹೆಂಗ ನಗತಿದ್ದಳು ಅನ್ನೋದ ನೋಡಿಲ್ಲ."

ಅಷ್ಟರಲ್ಲಿ ಇಬ್ಬರು ಮುದುಕಿಯರೂ ಜೋಕಾಲಿ ಏರಿ ಎದುರುಬದುರು ನಿಂತು ಹಗ್ಗ ಹಿಡಿದಿದ್ದರು. "ಅಣ್ಣಾ, ಮಾತು ಸಾಕು, ಜೀಕು ಬಾ!" ಎಂದು ನಿಂಗಕ್ಕ ಕೂಗಿದಳು. ಪಾಲಪ್ಪ ಪಂಚೆ ಎತ್ತಿ ಕಟ್ಟಿ ಓಡಿದ. ಮಣಕಾಲುಗಳು ಈ ಸಲ ವಿಚಾರ ಮಾಡಲಿಲ್ಲ.